ಕ್ರಾಫ್ಟ್ ಸರ್, ‘ಇರಪ್ಪ’ ಅಂತ ಒಂದು ಮಾತು ಅನ್ನಬಾರದಿತ್ತಾ?

ಗೆ,
ಶ್ರೀ ರಾಬರ್ಟ್ ಕ್ರಾಫ್ಟ್ ಅವರು,
ಮಾಲೀಕರು, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್,
ಫಾಕ್ಸ್‌ಬರೋ, ಮ್ಯಾಸಚೂಸೆಟ್ಸ್.

ನಮಸ್ಕಾರ.

ಈ ಪತ್ರ ನಿಮ್ಮ ಅಮೆರಿಕನ್ ಫುಟ್‌ಬಾಲ್ ತಂಡ 2020ರಲ್ಲಿ ಬಿಟ್ಟುಕೊಟ್ಟ ಟಾಮ್ ಬ್ರೇಡಿ ಬಗ್ಗೆ. ಬರೆದಿರೋದು ಕನ್ನಡದಲ್ಲಿ. ನಿಮಗೆ ಓದೋಕೆ ಬರಲ್ಲ, ಗೊತ್ತು. ಇಂಗ್ಲಿಷಿನಲ್ಲಿ ಎರಡು ಸಲ ಶುರು ಮಾಡಿದ್ದೆ. ಎರಡು ಸಲವೂ ಆಫೀಸಿನ ಮೇಲ್ ಥರ ಆಯಿತು. ಸಿಟ್ಟು, ಸಂಕಟ ಎರಡೂ ನನಗೆ ಕನ್ನಡದಲ್ಲೇ ಬರೋದು. ಹಾಗಾಗಿ ಪತ್ರ ಹೆಸರಿಗೆ ನಿಮಗೆ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳೋರು ನನ್ನ ಜನ. ಬಾಸ್ಟನ್ ಸುತ್ತಮುತ್ತ ನಮ್ಮವರು ಬೇಕಾದಷ್ಟು ಜನ ಇದ್ದಾರೆ, ಯಾರಾದರೂ ನಿಮಗೆ ಓದಿ ಹೇಳಿದರೆ ಸಂತೋಷ.

ನಾನು ಇಲ್ಲಿಗೆ ಬಂದದ್ದು 2001ರ ಆಗಸ್ಟಿನಲ್ಲಿ, ಮದುವೆಯಾಗಿ ಎರಡು ತಿಂಗಳಿಗೆ. ಊರು ಬೆಳಗಾವಿ. ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯೋ ಆಟ ಅಂತಲೇ ತಿಳಿದಿದ್ದೆ. ಇಲ್ಲಿ ನೋಡಿದರೆ ಚೆಂಡಿಗೆ ಎರಡು ಮೂತಿ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಆಮೇಲೆ ಎಲ್ಲರೂ ನಿಂತು ಮೀಟಿಂಗ್ ಮಾಡುತ್ತಾರೆ. ಆಟ ಹೇಳಿಕೊಟ್ಟವರು ಕೆಳಗಿನ ಮನೆಯ ಅಜ್ಜ. ಒಂದು ಭಾನುವಾರ ಮಧ್ಯಾಹ್ನ ನಮ್ಮ ಅಡುಗೆಮನೆಗೆ ಬಂದು ಒಗ್ಗರಣೆ ಡಬ್ಬಿಯ ಏಳು ಬಟ್ಟಲನ್ನೂ ಕಟ್ಟೆ ಮೇಲೆ ಜೋಡಿಸಿದರು. ಮುಂದೆ ಸಾಲಾಗಿ ಐದು: ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ, ಕಡಲೆಬೇಳೆ. ಅದು ಗೋಡೆ. ಅದರ ಹಿಂದೆ ಅರಿಶಿನದ ಬಟ್ಟಲು. ಅವನೇ ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಅವನ ಕೈಗೆ ಬರುತ್ತೆ. ಯಾರಿಗೆ ಎಸೀಬೇಕು, ಯಾರ ಕೈಗೆ ಕೊಡಬೇಕು ಅಂತ ಎರಡು ಮೂರು ಸೆಕೆಂಡಿನಲ್ಲಿ ಅವನೇ ನೋಡಿ ತೀರ್ಮಾನಿಸಬೇಕು. ಗೋಡೆ ಬಿದ್ದರೆ ಎದುರಾಳಿಗಳು ಇವನ ಮೇಲೆ. ಉಳಿದ ಮೆಣಸಿನಪುಡಿ ಬಟ್ಟಲನ್ನು ಓಡೋನು ಅಂದರು. ಓಡಿಸಿ ತೋರಿಸಲು ಹೋಗಿ ಅರ್ಧ ಪುಡಿ ಚೆಲ್ಲಿದರು. ಇರಲಿ.

ಅದೇ ಸೆಪ್ಟೆಂಬರ್ 23ಕ್ಕೆ ನ್ಯೂಯಾರ್ಕ್ ಜೆಟ್ಸ್ ಆಟಗಾರ ಮೋ ಲೂಯಿಸ್ ನಿಮ್ಮ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋಗೆ ಗುದ್ದಿದ ಏಟಿಗೆ ಆತನಿಗೆ ದೇಹದ ಒಳಗೇ ರಕ್ತಸ್ರಾವ ಆಯಿತು. ಬದಲಿಗೆ ಬಂದವನು ಟಾಮ್ ಬ್ರೇಡಿ. ಹಿಂದಿನ ವರ್ಷದ ಡ್ರಾಫ್ಟಿನಲ್ಲಿ, ಅಂದರೆ ಕಾಲೇಜಿನ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವಾಗ, 198 ಜನರನ್ನು ಬೇರೆಯವರು, ನೀವು ಎಲ್ಲ ಸೇರಿ ಆರಿಸಿಕೊಂಡ ಮೇಲೆ 199ನೆಯವನಾಗಿ ಸಿಕ್ಕ ಹುಡುಗ. (ಆಟಗಾರರನ್ನು ನಮ್ಮಲ್ಲಿ ಏಕವಚನದಲ್ಲೇ ಕರೆಯೋದು. ಪ್ರೀತಿ ಜಾಸ್ತಿಯಾದಷ್ಟೂ ಮರ್ಯಾದೆ ಕಡಿಮೆ. ತಪ್ಪು ತಿಳೀಬೇಡಿ.) ಅವನೂ ನಾನೂ ಒಂದೇ ವರ್ಷ ಇಲ್ಲಿ ಕೆಲಸ ಶುರು ಮಾಡಿದವರು ಅಂತ ನಾನು ಇವತ್ತಿಗೂ ಎಲ್ಲರಿಗೂ ಹೇಳ್ತೀನಿ.

ನೀವೇ ಎಷ್ಟೋ ಸಲ ಹೇಳಿದ ಕಥೆ ಒಂದಿದೆಯಲ್ಲ. ಮೊದಲ ವರ್ಷ, ಇನ್ನೂ ನಾಲ್ಕನೇ ಕ್ವಾರ್ಟರ್‌ಬ್ಯಾಕ್ ಆಗಿದ್ದಾಗ, ಈ ಹುಡುಗ ಪಿಜ್ಜಾ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ನಿಮಗೆ ಎದುರಾಗಿ, ಈ ಸಂಸ್ಥೆ ಇಲ್ಲಿತನಕ ಮಾಡಿದ ತೀರ್ಮಾನಗಳಲ್ಲೇ ನಾನು ಬೆಸ್ಟ್ ಅಂದನಂತೆ. ಅದು ಸುಳ್ಳಾಗಲಿಲ್ಲ. 20 ಸೀಸನ್, ಆರು ಸೂಪರ್ ಬೌಲ್ ಗೆಲುವು. (ಸೂಪರ್ ಬೌಲ್ ಅಂದರೆ ಲೀಗಿನ ಫೈನಲ್. ನಾನು ಕಪ್ ಅನ್ನೋದು ಅದಕ್ಕೇ.) ಕೆಳಗಿನ ಮನೆಯ ಅಜ್ಜ 1990ರ ಸೀಸನ್ ನೋಡಿದವರು. 16 ಆಟದಲ್ಲಿ ಒಂದೇ ಒಂದು ಗೆಲುವು. ಅಂಥವರು 2002ರ ಫೆಬ್ರವರಿಯಲ್ಲಿ ಮೊದಲ ಕಪ್ ಬಂದ ರಾತ್ರಿ ಮೆಟ್ಟಿಲ ಮೇಲೆ ಕೂತು ಅತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ವಿಷಯಕ್ಕೆ ಬರ್ತೀನಿ.

2020ರ ಮಾರ್ಚ್ 17, ಮಂಗಳವಾರ. ಕೊರೊನಾ ಅಂತ ರಾಜ್ಯದ ಶಾಲೆಗಳೆಲ್ಲ ಮುಚ್ಚಿದ ದಿನ. ಸೇಂಟ್ ಪ್ಯಾಟ್ರಿಕ್ ಹಬ್ಬ ಬೇರೆ. ಆದರೆ ಹೋಟೆಲು, ಪಬ್ಬುಗಳಲ್ಲಿ ಕೂತು ತಿನ್ನೋದು ಕುಡಿಯೋದು ಅವತ್ತಿನಿಂದಲೇ ಬಂದ್. ನಾನು ಉಪ್ಪಿಟ್ಟಿಗೆ ರವೆ ಹುರೀತಾ ಇದ್ದೆ. ಹನ್ನೊಂದು ವರ್ಷದ ಮಗ ಫೋನ್ ಹಿಡಿದುಕೊಂಡು ಬಂದ. “ಅಮ್ಮಾ, ಬ್ರೇಡಿ ಹೋಗ್ತಿದ್ದಾನಂತೆ” ಅಂದ. ಮೈಮೇಲೆ ಬ್ರೇಡಿಯದೇ 12ನೇ ನಂಬರಿನ ಜೆರ್ಸಿ. ರವೆ ಸೀದು ಹೋಯಿತು.

ಹಿಂದಿನ ರಾತ್ರಿ ಬ್ರೇಡಿ ತಾನಾಗೇ ನಿಮ್ಮ ಮನೆಗೆ ಬಂದಿದ್ದ ಅಂತ ನೀವೇ ಪತ್ರಕರ್ತರಿಗೆ ಹೇಳಿದಿರಿ. ನನಗೆ ಬೇಕಾಗಿದ್ದ ಕೊನೆ ಇದಲ್ಲ, ಆದರೆ 20 ವರ್ಷದ ಮೇಲೆ ಆ ಹಕ್ಕು ಅವನಿಗಿದೆ, ಅವನು ನನಗೆ ಮಗನ ಹಾಗೆ ಅಂದಿರಿ. ಆ ಮಾತು ಅವತ್ತಿನಿಂದ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿದೆ. ಮಗ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದಾಗ ‘ಹೋಗೋ ಹಕ್ಕು ನಿನಗಿದೆ’ ಅನ್ನೋ ಅಪ್ಪ ಯಾರು ಸಾರ್? ಹಕ್ಕಿನ ಮಾತು ಬಾಡಿಗೆದಾರರ ಹತ್ತಿರ ಆಡೋದು.

ಅವತ್ತಿನಿಂದ ಈ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಬ್ರೇಡಿ ಬಿಟ್ಟು ಹೋದ. ಕನ್ನಡದಲ್ಲಿ ‘ಬಿಟ್ಟು ಹೋಗೋದು’ ಬೇರೆ, ‘ಬಿಟ್ಟುಕೊಡೋದು’ ಬೇರೆ. ಇಲ್ಲಿ ಆದದ್ದು ಎರಡನೆಯದು. ಅದು ಆ ಒಂದು ರಾತ್ರಿ ಆದದ್ದೂ ಅಲ್ಲ.

ಶುರುವಾದದ್ದು 2014ರಲ್ಲಿ. ಡ್ರಾಫ್ಟಿನ ಎರಡನೇ ಸುತ್ತಿನಲ್ಲೇ ಜಿಮ್ಮಿ ಗರಾಪಲೋ ಅನ್ನೋ ಕ್ವಾರ್ಟರ್‌ಬ್ಯಾಕನ್ನು ಆರಿಸಿದಿರಿ. ಯಾಕೆ ಅಂತ ಕೇಳಿದಾಗ ಕೋಚ್ ಬಿಲ್ ಬೆಲಿಚಿಕ್ ಅವರು ಬ್ರೇಡಿಯ ವಯಸ್ಸು, ಕರಾರು ನಮಗೆ ಗೊತ್ತಲ್ಲ ಅನ್ನೋ ಅರ್ಥದ ಮಾತು ಹೇಳಿದರು. ಆಗ ಅವನಿಗೆ 36. ಆ ಮಾತಿನ ನಂತರ ಅವನು ನಿಮಗೆ ಇನ್ನೂ ಮೂರು ಕಪ್ ತಂದುಕೊಟ್ಟ. ಒಂದರಲ್ಲಂತೂ ಅಟ್ಲಾಂಟಾ ವಿರುದ್ಧ 28-3ರಿಂದ ಹಿಂದೆ ಬಿದ್ದು, 34-28ಕ್ಕೆ ಗೆದ್ದದ್ದು. ನಾವು ಆ ರಾತ್ರಿ ಅರ್ಧಕ್ಕೇ ಟೀವಿ ಆರಿಸಿ ಮಲಗಿಬಿಟ್ಟಿದ್ದೆವು. ಅಜ್ಜ ಕೆಳಗಿನಿಂದ ಪೊರಕೆ ಕೋಲಿನಲ್ಲಿ ಸೂರು ಕುಟ್ಟಿ ಎಬ್ಬಿಸಿದರು.

ಬೆಲಿಚಿಕ್ ಅವರನ್ನು ಬೈಯೋಕೆ ನಾನು ಹೊರಟಿಲ್ಲ. ಅವರ ಲೆಕ್ಕ ಗೊತ್ತು: ಆಟಗಾರನನ್ನು ಒಂದು ವರ್ಷ ತಡವಾಗಿ ಕಳಿಸೋದಕ್ಕಿಂತ ಒಂದು ವರ್ಷ ಮೊದಲೇ ಕಳಿಸೋದು ಮೇಲು. ಲಾಯರ್ ಮಿಲಾಯ್ (ಲಾಯರ್ ಅನ್ನೋದು ಅವನ ಹೆಸರೇ), ರಿಚರ್ಡ್ ಸೀಮೋರ್, ಲೋಗನ್ ಮ್ಯಾಂಕಿನ್ಸ್, ಎಲ್ಲರನ್ನೂ ಹಾಗೇ ಕಳಿಸಿದರು. ಈ ಆಟದಲ್ಲಿ ಒಂದು ತಂಡ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಅಂತ ಮಿತಿ ಇದೆ. 2020ಕ್ಕೆ ಅದು 19.82 ಕೋಟಿ ಡಾಲರ್. ಒಬ್ಬನಿಗೆ ಹೆಚ್ಚು ಹೋದರೆ ಇನ್ನೊಬ್ಬನಿಗೆ ಕಡಿಮೆ. ಮನೆ ಖರ್ಚು ತೂಗಿಸೋ ನನಗೆ ಇದು ಅರ್ಥವಾಗಲ್ವಾ? 42ರ ಕ್ವಾರ್ಟರ್‌ಬ್ಯಾಕನ್ನು ನಂಬಿ ಹಣ ಕಟ್ಟಿ ಅಂತ ಯಾವ ಲೆಕ್ಕದ ಪುಸ್ತಕವೂ ಹೇಳಲ್ಲ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಪುಟ ಇದೆ. ಬ್ಲೆಡ್ಸೋಗೆ 2001ರಲ್ಲಿ ನೀವು ಬರೆದುಕೊಟ್ಟದ್ದು ಹತ್ತು ವರ್ಷದ ಕರಾರು. 10.3 ಕೋಟಿ ಡಾಲರಿನದು. ಒಂದು ಕಪ್ಪೂ ತಂದುಕೊಡುವ ಮೊದಲು! ಆರು ತಂದವನಿಗೆ?

ಆರು ತಂದವನಿಗೆ 2019ರ ಆಗಸ್ಟಿನಲ್ಲಿ ಕೊಟ್ಟದ್ದು ಒಂದು ವಿಚಿತ್ರ ಕಾಗದ. ಹೆಸರಿಗೆ ಎರಡು ವರ್ಷದ ವಿಸ್ತರಣೆ. ಒಳಗೆ ನೋಡಿದರೆ ಆ ಎರಡೂ ವರ್ಷ ತಾವಾಗೇ ರದ್ದಾಗುತ್ತವೆ. ಅಂದರೆ ಆ ಒಂದು ಸೀಸನ್, ಮುಗೀತು. ಸಂಬಳ 1.5 ಕೋಟಿಯಿಂದ 2.3 ಕೋಟಿ ಡಾಲರಿಗೆ ಏರಿಸಿದಿರಿ, ಹೌದು. ಜೊತೆಗೆ ಇನ್ನೊಂದು ಷರತ್ತು. ಕರಾರು ಮುಗಿದರೂ ಆಟಗಾರನನ್ನು ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳಲು ತಂಡಕ್ಕೆ ‘ಫ್ರಾಂಚೈಸ್ ಟ್ಯಾಗ್’ ಅನ್ನೋ ಅಸ್ತ್ರ ಇದೆಯಲ್ಲ, ಅದನ್ನು ಬ್ರೇಡಿ ಮೇಲೆ ಹಾಕುವಂತಿಲ್ಲ ಅಂತ. ಬಾಗಿಲನ್ನು ಏಳು ತಿಂಗಳ ಮೊದಲೇ ತೆರೆದಿಟ್ಟು ಅದಕ್ಕೆ ಎರಡೂ ಕಡೆಯವರು ಸಹಿ ಹಾಕಿದಿರಿ. ಅದೇ ತಿಂಗಳು ಬ್ರೂಕ್‌ಲೈನಿನ ಅವನ ಮನೆ ಮಾರಾಟಕ್ಕೆ ಬಂತು. ನಿಮ್ಮ ಮನೆಯೂ ಅದೇ ಊರಿನಲ್ಲೇ ಅಲ್ವಾ? ನಮ್ಮ ಕಡೆ ಪಕ್ಕದ ಮನೆಯವರು ಸಾಮಾನು ಕಟ್ಟೋದು ಕಂಡರೆ ‘ಯಾಕ್ರೀ, ಏನಾಯ್ತು?’ ಅಂತ ಒಂದು ಮಾತು ಕೇಳ್ತಾರೆ.

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ನಿಮಗೆ ಸಂಬಂಧ ಇಲ್ಲ ಅನಿಸಬಹುದು.

ಅಪ್ಪ ಟರ್ನರ್. ಬೆಳಗಾವಿಯ ಒಂದು ಕಾರ್ಖಾನೆಯಲ್ಲಿ 31 ವರ್ಷ ಲೇತ್ ಮುಂದೆ ನಿಂತವರು. 58 ಆದ ಮೇಲೆ ಕಂಪನಿಯವರು ನಿಮ್ಮ ಕೈ ನಮಗೆ ಬೇಕು ಅಂದರು. ಆದರೆ ಒಂದೊಂದೇ ವರ್ಷದ ಆರ್ಡರ್. ಪ್ರತಿ ಮಾರ್ಚಿನಲ್ಲಿ ಕಾಗದ ಬರುತ್ತಾ ಇಲ್ವಾ ಅಂತ ಅವ್ವ ಕ್ಯಾಲೆಂಡರ್ ನೋಡೋಳು. ಎರಡನೇ ವರ್ಷ ಅಪ್ಪನ ಪಕ್ಕದಲ್ಲಿ ಒಬ್ಬ ಹುಡುಗನನ್ನು ತಂದು ನಿಲ್ಲಿಸಿದರು. ಕಲಿಸಿ ಅಂದರು. ಅಪ್ಪ ಕಲಿಸಿದರು. ಮೂರನೇ ಮಾರ್ಚಿನಲ್ಲಿ ಆರ್ಡರ್ ಬಂತು, ಅಪ್ಪ ತೊಗೊಳ್ಳಲಿಲ್ಲ. ಉದ್ಯಮಬಾಗದಲ್ಲಿ ನಾಲ್ಕೇ ನಾಲ್ಕು ಲೇತ್ ಇದ್ದ ಒಂದು ಸಣ್ಣ ವರ್ಕ್‌ಶಾಪಿಗೆ ಹೋದರು. ಸಂಬಳ ಹೆಚ್ಚೇನಿಲ್ಲ. ಅಲ್ಲಿನ ಮಾಲೀಕ ಹೇಳಿದ್ದು ಇಷ್ಟೇ: “ಮಾಮಾ, ಕೈ ನಡಿಯೂತನಾ ಮಾಡ್ರಿ, ಸಾಕಂದ ದಿನ ನೀವಽ ಹೇಳ್ರಿ.” ಅಪ್ಪನನ್ನು ನಾನು ಫೋನಿನಲ್ಲಿ ಯಾಕೆ ಅಂತ ಕೇಳಿದ್ದೆ. “ವರ್ಷಾ ವರ್ಷಾ ಪರೀಕ್ಷಾ ಬರಿಯೂ ವಯಸ್ಸೇನವಾ ಇದು?” ಅಂದರು. ಹಳೇ ಕಾರ್ಖಾನೆಯಿಂದ ಅವರು ತಂದದ್ದು ತಮ್ಮ ಸ್ವಂತ ಮೈಕ್ರೋಮೀಟರ್ ಒಂದೇ. ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಟಿಫಿನ್ ಡಬ್ಬಿಯ ಕೆಳಗಿನ ಅಂತಸ್ತಿನಲ್ಲಿ ಇಟ್ಟುಕೊಂಡು ಬಂದಿದ್ದರು. 67ರ ತನಕ ದುಡಿದರು.

ಬ್ರೇಡಿ ಟ್ಯಾಂಪಾಗೆ ಹೋದದ್ದು ಯಾಕೆ ಅಂತ ಟೀವಿಯವರು ಕೇಳಿದಾಗೆಲ್ಲ ನನಗೆ ನೆನಪಾಗೋದು ಆ ನಾಲ್ಕು ಲೇತು. ಟ್ಯಾಂಪಾ ಬೇ ಬಕನಿಯರ್ಸ್ ಅಂದರೆ 2007ರ ಸೀಸನ್ ಆದ ಮೇಲೆ ಪ್ಲೇಆಫ್ ಮುಖವನ್ನೇ ನೋಡದಿದ್ದ ತಂಡ. ಅಲ್ಲಿನ ಕ್ವಾರ್ಟರ್‌ಬ್ಯಾಕ್ ಹಿಂದಿನ ವರ್ಷ 30 ಸಲ ಚೆಂಡನ್ನು ಎದುರಾಳಿಗಳ ಕೈಗೇ ಎಸೆದಿದ್ದ. ಅವರು ಬ್ರೇಡಿಗೆ ಕೊಟ್ಟದ್ದು ಎರಡು ವರ್ಷಕ್ಕೆ 5 ಕೋಟಿ ಡಾಲರ್, ಪೂರ್ತಿ ಗ್ಯಾರಂಟಿ. ವರ್ಷದ ಲೆಕ್ಕ ಹಾಕಿದರೆ ನೀವು ಕೊಡುತ್ತಿದ್ದುದಕ್ಕಿಂತ ಬಹಳ ಜಾಸ್ತಿಯಲ್ಲ. ವ್ಯತ್ಯಾಸ ಇದ್ದದ್ದು ಆ ಎರಡನೇ ವರ್ಷದಲ್ಲಿ. 45ರ ತನಕ ಆಡ್ತೀನಿ ಅಂತ ಅವನು ಎಷ್ಟು ವರ್ಷದಿಂದ ಹೇಳುತ್ತಿದ್ದ. ನಂಬಿದವರು ದೂರದ ಊರಿನವರು.

ಬೇರೆ ಕಾರಣಗಳೂ ಇದ್ದವು, ಇಲ್ಲ ಅನ್ನಲ್ಲ. 2019ರಲ್ಲಿ ಎಸೆದ ಚೆಂಡು ಹಿಡಿಯೋರೇ ಕಡಿಮೆ. ರಾಬ್ ಗ್ರೊಂಕೋವ್ಸ್ಕಿ ಆ ಮಾರ್ಚಿನಲ್ಲಿ ನಿವೃತ್ತ. ಆಂಟೋನಿಯೋ ಬ್ರೌನ್ ಬಂದು ಒಂದೇ ಆಟಕ್ಕೆ ಹೊರಗೆ, ಅದಕ್ಕೆ ಬೇರೆ ಗಂಭೀರ ಆರೋಪಗಳಿದ್ದವು. ಮೊದಲ ಸುತ್ತಿನಲ್ಲಿ ಆರಿಸಿದ ಹೊಸ ಹುಡುಗ ಗಾಯವಾಗಿ ಅರ್ಧ ಸೀಸನ್ ಕೂತ. ಎಂಟಕ್ಕೆ ಎಂಟು ಗೆದ್ದು ಶುರುವಾದ ಸೀಸನ್ ಮುಗ್ಗರಿಸಿ ಮುಗೀತು. ಇಷ್ಟು ವರ್ಷ ಆದ ಮೇಲೂ ಮೀಟಿಂಗಿನಲ್ಲಿ ಹೊಸಬನಿಗೆ ಬೈದ ಹಾಗೇ ಬ್ರೇಡಿಗೂ ಬೈಯುತ್ತಿದ್ದರು ಅನ್ನೋದು ಜೊತೆಗೆ ಆಡಿದವರೇ ಹೇಳಿದ ಮಾತು. 24ಕ್ಕೆ ಅದು ಶಿಸ್ತು. 42ಕ್ಕೆ, ಮೂರು ಮಕ್ಕಳ ತಂದೆಗೆ?

2020ರ ಜನವರಿ 4ರ ಆಟ ನೆನಪಿದೆಯಾ? ಟೆನೆಸಿ ಟೈಟನ್ಸ್ ವಿರುದ್ಧ, ನಿಮ್ಮದೇ ಮೈದಾನ. 14-13ರಲ್ಲಿ ಹಿಂದೆ ಇದ್ದೆವು. ಉಳಿದದ್ದು 15 ಸೆಕೆಂಡು. ಚೆಂಡು ನಮ್ಮದೇ ಒಂದು ಗಜದ ಗೆರೆ ಮೇಲೆ. ಎದುರಿಗೆ 99 ಗಜ. ಬ್ರೇಡಿ ಎಸೆದ, ಚೆಂಡು ತಗುಲಿ ಮೇಲೆ ಹಾರಿತು, ಲೋಗನ್ ರಯನ್ ಹಿಡಿದು ಒಳಗೆ ನುಗ್ಗಿಬಿಟ್ಟ. ಆ ರಯನ್ ಯಾರು? ನಿಮ್ಮ ತಂಡದಲ್ಲಿ ಎರಡು ಕಪ್ ಗೆದ್ದು, ಕರಾರು ಮುಗಿದ ಮೇಲೆ ಹೊರಗೆ ಹೋದವನು. ಪೇಟ್ರಿಯಟ್ಸ್ ಪರವಾಗಿ ಬ್ರೇಡಿ ಎಸೆದ ಕೊನೇ ಚೆಂಡು ನೀವೇ ಬಿಟ್ಟುಕೊಟ್ಟ ಇನ್ನೊಬ್ಬನ ಕೈಗೆ ಸೇರಿತು. ಅಜ್ಜ ಆ ಆಟ ಮುಗಿದ ಮೇಲೆ ಟೀವಿಯ ಮುಂದೆಯೇ ಕೂತಿದ್ದರು. ಮಾತಾಡಲಿಲ್ಲ. ನಾನು ತಂದಿದ್ದ ಚಹಾ ಕೆನೆ ಕಟ್ಟಿತು.

ಇದು ನಿಮ್ಮೊಬ್ಬರ ಮನೆಯ ಕಥೆ ಅಲ್ಲ, ಒಪ್ಪುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದವರು 1993ರಲ್ಲಿ ತಮ್ಮ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾನ ಕನ್ಸಸ್ ಸಿಟಿಗೆ ಕಳಿಸಿದರು. ಇಂಡಿಯಾನಾಪೊಲಿಸ್‌ನವರು 2012ರಲ್ಲಿ ಕುತ್ತಿಗೆಗೆ ಆಪರೇಷನ್ ಆದ ಪೇಟನ್ ಮ್ಯಾನಿಂಗನ್ನು ಬಿಟ್ಟರು. ಅವನು ಡೆನ್ವರಿಗೆ ಹೋಗಿ ಕಪ್ ಗೆದ್ದ. ಗ್ರೀನ್ ಬೇಯವರದಂತೂ ಪದ್ಧತಿಯೇ ಆಗಿದೆ. 2008ರಲ್ಲಿ ಬ್ರೆಟ್ ಫಾರ್ವ್, 2023ರಲ್ಲಿ ಆರನ್ ರಾಜರ್ಸ್, ಇಬ್ಬರನ್ನೂ ನ್ಯೂಯಾರ್ಕ್ ಜೆಟ್ಸಿಗೇ ಸಾಗಹಾಕಿದರು. ಆದರೆ ಅಲ್ಲೆಲ್ಲ ಮನೆಯಲ್ಲಿ ಇನ್ನೊಬ್ಬ ತಯಾರಿದ್ದ, ಇಲ್ಲಾ ಬರುವವನಿದ್ದ. ಸ್ಟೀವ್ ಯಂಗ್ ಇದ್ದ, ಆಂಡ್ರೂ ಲಕ್ ಬರುವವನಿದ್ದ, ರಾಜರ್ಸ್ ಇದ್ದ, ಜೋರ್ಡನ್ ಲವ್ ಇದ್ದ. ನಿಮ್ಮ ಹತ್ತಿರ ಯಾರಿದ್ದರು? ಗರಾಪಲೋನ 2017ರಲ್ಲೇ ಕಳಿಸಿ ಆಗಿತ್ತು. ಬದಲಿಗೆ ಯಾರೂ ಇಲ್ಲದೇ ಇದ್ದವನನ್ನು ಬಿಟ್ಟುಕೊಟ್ಟವರು ನೀವು. 2020ರಲ್ಲಿ 7 ಗೆಲುವು, 9 ಸೋಲು. ಬ್ರೇಡಿ ಆಡದೇ ಇದ್ದರೂ ಅವನ ಹೆಸರಿನಲ್ಲಿ ನಿಮ್ಮ ಸಂಬಳ ಮಿತಿಯ ಲೆಕ್ಕಕ್ಕೆ 1.35 ಕೋಟಿ ಡಾಲರ್ ಬಿತ್ತು. ಆ ಆಗಸ್ಟಿನ ಕಾಗದದ ಬಡ್ಡಿ ಅದು.

ಕರ್ನಾಟಕದವರಿಗೂ ಈ ರುಚಿ ಗೊತ್ತು. 2011ರ ಐಪಿಎಲ್ ಹರಾಜಿಗೆ ಮೊದಲು ನಮ್ಮ ಬೆಂಗಳೂರು ತಂಡ ಉಳಿಸಿಕೊಂಡದ್ದು ಒಬ್ಬನನ್ನೇ, ವಿರಾಟ್ ಕೊಹ್ಲಿಯನ್ನು. ರಾಹುಲ್ ದ್ರಾವಿಡ್ ರಾಜಸ್ಥಾನದ ಪಾಲಾದ. ಇಂದಿರಾನಗರದ ಹುಡುಗ ಕೆಂಪು ಬಿಟ್ಟು ನೀಲಿ ಅಂಗಿ ಹಾಕಿ ಆಡಿದ್ದನ್ನು ನನ್ನ ತಮ್ಮ ಇವತ್ತಿಗೂ ಕ್ಷಮಿಸಿಲ್ಲ. ಆದರೆ ಆ ಉಳಿಸಿಕೊಂಡ ಒಬ್ಬನ ವಿಷಯದಲ್ಲಿ ಅವರು ಜಗ್ಗಲಿಲ್ಲ ನೋಡಿ. ಸೋತಾಗಲೂ ಇಟ್ಟುಕೊಂಡರು, ಕ್ಯಾಪ್ಟನ್ಸಿ ಬಿಟ್ಟಾಗಲೂ ಇಟ್ಟುಕೊಂಡರು. 18ನೇ ಸೀಸನ್ನಿಗೆ, 2025ರಲ್ಲಿ ಕಪ್ ಬಂತು. ಅಷ್ಟು ವರ್ಷ ‘ಈ ಸಲ ಕಪ್ ನಮ್ದೇ’ ಅಂದವರಿಗೆ ಊರೆಲ್ಲ ನಗುತ್ತಿತ್ತು.

2021ರ ಫೆಬ್ರವರಿ 7ಕ್ಕೆ ಟ್ಯಾಂಪಾ 31-9ಕ್ಕೆ ಸೂಪರ್ ಬೌಲ್ ಗೆದ್ದಿತು, ತನ್ನದೇ ಊರಿನ ಮೈದಾನದಲ್ಲಿ. ಬ್ರೇಡಿಗೆ 43. ಅವತ್ತು ಅವನು ಅಂಕ ಮಾಡಿಸಿದ ಮೂರು ಎಸೆತಗಳನ್ನು ಹಿಡಿದವರು ಯಾರು ಗೊತ್ತಲ್ಲ? ಎರಡು ಗ್ರೊಂಕೋವ್ಸ್ಕಿ, ಒಂದು ಬ್ರೌನ್. ಎಸೆದವನು, ಹಿಡಿದ ಇಬ್ಬರು, ಮೂರೂ ನಿಮ್ಮ ಮನೆಯಿಂದ ಹೋದ ಸಾಮಾನು. ನಾನು ಟೀವಿ ಮುಂದೆ ಚಪ್ಪಾಳೆ ಹೊಡೆದೆ, ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ. ಅದೇ ಅಕ್ಟೋಬರಿನಲ್ಲಿ ಅವನು ಫಾಕ್ಸ್‌ಬರೋಗೆ ಬಂದ. ಮಳೆ. ಟ್ಯಾಂಪಾ 19, ನಾವು 17. ಕೊನೆಯಲ್ಲಿ ನಮ್ಮ ನಿಕ್ ಫೋಕ್ 56 ಗಜದಿಂದ ಒದ್ದ ಚೆಂಡು ಕಂಬಕ್ಕೆ ಹೊಡೆದು ಆಚೆ ಬಿತ್ತು. ಅಜ್ಜ ಪೇಟ್ರಿಯಟ್ಸ್ ಟೋಪಿ ಹಾಕಿಕೊಂಡೇ “ಸದ್ಯ” ಅನ್ನೋ ಥರ ಉಸಿರು ಬಿಟ್ಟರು. ಬಿಟ್ಟಿದ್ದು ಕೇಳಿಸಿತು ಅಂತ ಗೊತ್ತಾಗಿ ಟೋಪಿ ಸರಿಮಾಡಿಕೊಂಡರು.

ಆಮೇಲೆ ನೀವು ಮಾಡಿದ್ದೆಲ್ಲ ನೋಡಿದ್ದೇನೆ. 2024ರ ಜೂನ್ 12ಕ್ಕೆ ನಿಯಮ ಸಡಿಲಿಸಿ ಅವನನ್ನು ನಿಮ್ಮ ಹಾಲ್ ಆಫ್ ಫೇಮಿಗೆ ಸೇರಿಸಿದಿರಿ, 12ನೇ ನಂಬರ್ ಇನ್ನು ಯಾರಿಗೂ ಇಲ್ಲ ಅಂದಿರಿ. 2025ರ ಆಗಸ್ಟಿನಲ್ಲಿ ಪ್ರತಿಮೆ ನಿಲ್ಲಿಸಿದಿರಿ. ಚೆನ್ನಾಗಿದೆ. ನಾವೂ ಮಾಡೋದು ಅದನ್ನೇ: ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೋ ತೆಗೆಯೋದು. ಅಪ್ಪನಿಗೂ ಹಳೇ ಕಾರ್ಖಾನೆಯವರು ಯಾವುದೋ ವಾರ್ಷಿಕೋತ್ಸವಕ್ಕೆ ಕರೆದು ಶಾಲು ಹೊದಿಸಿದ್ದರು. ಹಣ್ಣು ಓಣಿಯ ಮಕ್ಕಳಿಗೆ ಹಂಚಿದರು. ಶಾಲು ಟ್ರಂಕಿನಲ್ಲಿದೆ, ಮಡಿಕೆ ಬಿಚ್ಚಿಲ್ಲ.

ನೀವು ತಂಡ ಕೊಂಡದ್ದು 1994ರಲ್ಲಿ, 17.2 ಕೋಟಿ ಡಾಲರಿಗೆ. ಅದಕ್ಕೂ ಮೊದಲು, 1971ರಿಂದಲೂ, ಸೀಸನ್ ಟಿಕೆಟ್ ಕೊಂಡು ಮಕ್ಕಳನ್ನು ಕರೆದುಕೊಂಡು ಹಳೇ ಸ್ಟೇಡಿಯಮ್ಮಿನ ಆ ಲೋಹದ ಬೆಂಚಿನ ಮೇಲೆ ಕೂತು ಆಟ ನೋಡಿದವರು ನೀವು. ಡಿಸೆಂಬರಿನ ಚಳಿಯಲ್ಲಿ ಆ ಬೆಂಚು ಹೇಗಿರುತ್ತಿತ್ತು ಅಂತ ಅಜ್ಜ ವರ್ಣಿಸುತ್ತಿದ್ದರು, ಇಲ್ಲಿ ಬರೆಯುವ ಹಾಗಿಲ್ಲ. ನಾನು ಬರೀತಾ ಇರೋದು ಆ ಬೆಂಚಿನ ಮೇಲೆ ಕೂತಿದ್ದ ಕ್ರಾಫ್ಟ್ ಅವರಿಗೆ. ಮಾಲೀಕರಿಗೆ ಬರೆದು ಏನೂ ಪ್ರಯೋಜನವಿಲ್ಲ, ಅವರಿಗೆ ವಕೀಲರಿದ್ದಾರೆ.

ನನ್ನ ಬೇಡಿಕೆ ಒಂದೇ. ನಿಮ್ಮ ಹಾಲ್ ಆಫ್ ಫೇಮಿನಲ್ಲಿ ಆರು ಟ್ರೋಫಿ ಗಾಜಿನೊಳಗೆ ಹೊಳೀತಾ ಇವೆ. ಅವುಗಳ ಪಕ್ಕದಲ್ಲಿ 2019ರ ಆಗಸ್ಟಿನ ಆ ಕರಾರಿನ ಒಂದು ಪ್ರತಿ ಇಡಿ. ರದ್ದಾಗೋ ಎರಡು ವರ್ಷ, ಟ್ಯಾಗ್ ಹಾಕುವಂತಿಲ್ಲ ಅನ್ನೋ ಸಾಲು, ಎರಡೂ ಕಡೆಯ ಸಹಿ, ಎಲ್ಲ ಕಾಣೋ ಹಾಗೆ. ಕೆಳಗೆ ಒಂದು ಚೀಟಿ ಅಂಟಿಸಿ: ‘ಅವನನ್ನು ನಾವು ಬಿಟ್ಟುಕೊಟ್ಟೆವು.’ ಅಷ್ಟೇ ಸಾಕು. ಶಾಲೆ ಮಕ್ಕಳು ಪ್ರವಾಸ ಬಂದಾಗ ಬ್ರೇಡಿ ಯಾಕೆ ಬಿಟ್ಟು ಹೋದ ಅಂತ ಕೇಳಿದರೆ ತೋರಿಸೋಕೆ ಒಂದು ಕಾಗದ ಇರಲಿ.

2024ರ ಡ್ರಾಫ್ಟಿನಲ್ಲಿ ಮೂರನೆಯವನಾಗಿ ಡ್ರೇಕ್ ಮೇ ಅನ್ನೋ ಕ್ವಾರ್ಟರ್‌ಬ್ಯಾಕ್ ಬಂದಿದ್ದಾನೆ. ಒಳ್ಳೇ ಹುಡುಗ. ಅವನು ಮುಂದಿನ ಕರಾರಿಗೆ ಸಹಿ ಹಾಕೋ ಮುಂಚೆ ಒಮ್ಮೆ ಆ ಗಾಜಿನ ಮುಂದೆ ಕರೆದುಕೊಂಡು ಹೋಗಿ.

ಇಂತಿ,
12ರ ಜೆರ್ಸಿ ಇನ್ನೂ ಬೀರುವಿನಲ್ಲಿ ಇಟ್ಟುಕೊಂಡಿರುವ ಒಬ್ಬಳು ಬೆಳಗಾವಿಯವಳು

ಮರೆತಿದ್ದೆ: ಕೆಳಗಿನ ಮನೆಯ ಅಜ್ಜ ಈಗಿಲ್ಲ. ಅವರ ಟೋಪಿ ನನ್ನ ಮಗನ ಹತ್ತಿರ ಇದೆ. ಪ್ರತಿಮೆ ನೋಡೋಕೆ ಈ ಬೇಸಿಗೆಯಲ್ಲಿ ಬರ್ತೀವಿ, ಆಟ ಇಲ್ಲದ ದಿನ. ರೂಟ್ ಒಂದರ ಆ ಟ್ರಾಫಿಕ್ ನನ್ನ ಕೈಲಾಗಲ್ಲ.